ನೆಲದಡಿಯ ಡೀಸೆಲ್ ಟ್ಯಾಂಕ್: ಮೊದಲು ಕಡ್ಡಿ ಇಳಿಸಿ, ಗುದ್ದಲಿ ಆಮೇಲೆ

ಅಣ್ಣಾ, ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. 5000 ಲೀಟರಿನ ಕಬ್ಬಿಣದ ಟ್ಯಾಂಕ್, ಹೂತು 18 ವರ್ಷ ಆಗಿದೆ. 20 ಮೀಟರ್ ದೂರದಲ್ಲಿ ಎಳೆಯುವ ಪಂಪ್ ಇದೆ. ಟ್ರ್ಯಾಕ್ಟರ್, ಜನರೇಟರ್ ಎಲ್ಲದಕ್ಕೂ ಅಲ್ಲಿಂದಲೇ ಡೀಸೆಲ್. ತಿಂಗಳಿಗೆ 3000 ಲೀಟರ್ ಹೋಗುತ್ತೆ, ಕಳೆದ ತಿಂಗಳು ಲೆಕ್ಕದಲ್ಲಿ 60 ಲೀಟರ್ ಕಡಿಮೆ ಬಂತು. ಅಗೆದು ತೆಗೆದು ಒಳಗೆ ಎಪಾಕ್ಸಿ ಹಚ್ಚಿಸಬೇಕಾ ಅಂತ ನೀವು ಕೇಳಿದ್ದೀರಿ. ಕಂಪ್ರೆಸರ್ ಇಟ್ಟು ಗಾಳಿ ತುಂಬಿ ನೋಡಿ ಅಂತ ಕೆಳಗೆ ಒಬ್ಬರು ಹೇಳಿದ್ದಾರೆ.

ಆ ಗಾಳಿಯ ವಿಷಯ ಮೊದಲು ಮುಗಿಸಿಬಿಡೋಣ. ದಯವಿಟ್ಟು ಮಾಡಬೇಡಿ. ಒಮ್ಮೆ ಇಂಧನ ಕಂಡ ಟ್ಯಾಂಕಿನಲ್ಲಿ ಆವಿ ಇದ್ದೇ ಇರುತ್ತೆ. ಅದಕ್ಕೆ ಒತ್ತಡದಲ್ಲಿ ಗಾಳಿ ಸೇರಿಸಿದರೆ ಒಂದು ಕಿಡಿ ಸಾಕು. ಕಿಡಿ ಇಲ್ಲದಿದ್ದರೂ ತುಕ್ಕು ತಿಂದ ಹಳೆಯ ತಗಡು ಒತ್ತಡಕ್ಕೆ ಹರಿದುಹೋಗಬಹುದು. ಗಾಳಿ ತುಂಬಿ ಸೋಪ್ ನೀರು ಬಳಿದು ನೋಡುವುದು ಇನ್ನೂ ಇಂಧನ ಕಾಣದ ಹೊಸ ಪೈಪಿಗೆ, ಮಣ್ಣು ಮುಚ್ಚುವ ಮೊದಲು. ಹಳೆಯದಕ್ಕೆ ಟೈಟ್‌ನೆಸ್ ಟೆಸ್ಟ್ ಅಂತ ಸೋರಿಕೆ ಹಿಡಿಯುವ ಪರೀಕ್ಷೆ ಬೇರೆಯೇ ಇದೆ. ಅದನ್ನು ಮಾಡುವವರ ಹತ್ತಿರ ಅದರ ಸಲಕರಣೆ ಇರುತ್ತೆ, ಅವರೇ ಮಾಡಲಿ.

ಈಗ ಆ 60 ಲೀಟರ್. ಸೋರಿರಬಹುದು. ಸೋರದೆಯೂ ಅಷ್ಟು ಕಡಿಮೆ ಬರಬಹುದು. ಡೀಸೆಲ್ ಬಿಸಿಗೆ ಹಿಗ್ಗುತ್ತೆ, ತಣ್ಣಗಾದರೆ ಕುಗ್ಗುತ್ತೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಶೇ. 0.083. ಬಿಸಿಲಲ್ಲಿ ನಿಂತ ಟ್ಯಾಂಕರಿನಿಂದ 4000 ಲೀಟರ್ ಇಳಿಸಿಕೊಂಡಿರಿ, ನೆಲದೊಳಗೆ ಅದು 15 ಡಿಗ್ರಿ ತಣ್ಣಗಾಯಿತು ಅಂದುಕೊಳ್ಳಿ. ಅಲ್ಲಿಗೇ 50 ಲೀಟರ್ ಮಾಯ. ಪಂಪಿನ ಮೀಟರ್ ಶೇ. 0.5 ಕಡಿಮೆ ತೋರಿಸಿದರೆ 3000 ಲೀಟರಿಗೆ ಇನ್ನು 15. ಒಂದು ಹನಿ ಸೋರದೆ 65 ಲೀಟರ್ ಹೋಯಿತು ನೋಡಿ.

ಹಾಗಂತ ನಿಶ್ಚಿಂತೆಯಿಂದ ಇರಿ ಅಂತಿಲ್ಲ. ನಿಜವಾದ ಸೋರಿಕೆಯನ್ನು ಇವುಗಳಿಂದ ಬೇರ್ಪಡಿಸಲು ಒಂದು ದಾರಿ ಇದೆ. ಬಿಸಿ-ತಂಪಿನ ವ್ಯತ್ಯಾಸ ಒಂದು ವಾರ ಕಡಿಮೆ ತೋರಿಸಿದರೆ ಇನ್ನೊಂದು ವಾರ ಜಾಸ್ತಿ ತೋರಿಸುತ್ತೆ. ಸೋರಿಕೆ ಹಾಗಲ್ಲ, ಪ್ರತಿ ವಾರವೂ ಕಡಿಮೆಯೇ. ಮೀಟರ್ ತಪ್ಪಿದ್ದರೆ ಬಳಸಿದಷ್ಟಕ್ಕೆ ತಕ್ಕ ಹಾಗೆ ತಪ್ಪುತ್ತೆ, ಬಳಸದ ದಿನ ತಪ್ಪುವುದಿಲ್ಲ. ಅದಕ್ಕೇ ಬಳಸದ ದಿನ ಅಳೆಯಬೇಕು.

ವಾರಕ್ಕೊಮ್ಮೆ ಟ್ಯಾಂಕಿಗೆ ಬೀಗ ಹಾಕಿ. 36 ಗಂಟೆ ಡೀಸೆಲ್ ಹಾಕುವುದೂ ಇಲ್ಲ, ತೆಗೆಯುವುದೂ ಇಲ್ಲ. ಶುರುವಿನಲ್ಲಿ ಎರಡು ಸಲ ಡಿಪ್ ತೆಗೆದು, ಅಂದರೆ ಅಳತೆ ಕಡ್ಡಿ ಇಳಿಸಿ ಡೀಸೆಲ್ ಮಟ್ಟ ನೋಡಿ, ಸರಾಸರಿ ಬರೆಯಿರಿ, ಕೊನೆಯಲ್ಲೂ ಎರಡು ಸಲ. ಹೊಸ ಲೋಡ್ ಬಂದ ಮರುದಿನವೇ ಮಾಡಬೇಡಿ, ಡೀಸೆಲ್ ನೆಲದ ತಂಪಿಗೆ ಬರಲಿ. ಅಮೆರಿಕದ ನಿಯಮದಲ್ಲಿ ನಿಮ್ಮ ಅಳತೆಯ ಟ್ಯಾಂಕಿಗೆ ಇದೇ ಪರೀಕ್ಷೆ ಇದೆ. ಒಂದು ವಾರದ ವ್ಯತ್ಯಾಸ ಸುಮಾರು 98 ಲೀಟರ್ ದಾಟಿದರೆ, ಇಲ್ಲವೇ ನಾಲ್ಕು ವಾರದ ಸರಾಸರಿ 49 ಲೀಟರ್ ದಾಟಿದರೆ ಸೋರಿಕೆಯ ಅನುಮಾನ ಅಂತ ಲೆಕ್ಕ. ಇಷ್ಟು ಸಡಿಲ ಯಾಕೆ ಅಂದರೆ ಕಡ್ಡಿಯ ಕಣ್ಣು ಅಷ್ಟು ಚುರುಕಲ್ಲ. ನಿಮ್ಮ ಟ್ಯಾಂಕ್ 1.5 ಮೀಟರ್ ಅಗಲ, 2.8 ಮೀಟರ್ ಉದ್ದ ಇದ್ದರೆ, ಅರ್ಧ ತುಂಬಿದಾಗ 1 ಮಿಲಿಮೀಟರ್ ಅಂದರೆ 4 ಲೀಟರಿಗೂ ಜಾಸ್ತಿ. 3 ಮಿ.ಮೀ. ಕಣ್ತಪ್ಪಿದರೆ 12 ಲೀಟರ್. ಅದಕ್ಕೇ ಅಲ್ಲಿ ಈ ಅಳತೆಯ ಟ್ಯಾಂಕಿಗೆ ಬರೀ ಕಡ್ಡಿ ಸಾಲದು, ಟೈಟ್‌ನೆಸ್ ಟೆಸ್ಟೂ ಬೇಕು ಅನ್ನುತ್ತಾರೆ.

ಸಣ್ಣ ಸೋರಿಕೆ ಎಷ್ಟು ಸಣ್ಣದು? ಸೆಕೆಂಡಿಗೆ ಒಂದು ಹನಿ ಅಂದುಕೊಳ್ಳಿ. 40 ಹನಿಗೆ 1 ಎಂಎಲ್ ಹಿಡಿದರೂ ದಿನಕ್ಕೆ 2 ಲೀಟರ್ ದಾಟುತ್ತೆ, ವರ್ಷಕ್ಕೆ 780 ಲೀಟರ್. ಒಂದು ವಾರಾಂತ್ಯದ ಡಿಪ್‌ನಲ್ಲಿ ಇದು ಕಾಣುವುದಿಲ್ಲ. ಎಂಟು ವಾರದ ಅಂಕಿ ಒಂದರ ಕೆಳಗೊಂದು ಬರೆದು, ಎಲ್ಲದರ ಮುಂದೆಯೂ ಮೈನಸ್ಸೇ ಬಿದ್ದಾಗ ಕಾಣುತ್ತೆ. ನಾನು ಒಟ್ಟು ಮೊತ್ತಕ್ಕಿಂತ ಮೊದಲು ಆ ಮೈನಸ್‌ಗಳನ್ನೇ ಎಣಿಸುವುದು.

ಡಿಪ್ ತೆಗೆಯುವ ಕೈಯೂ ಮುಖ್ಯ. ಕಡ್ಡಿಯನ್ನು ದೊಪ್ಪನೆ ಬಿಡಬೇಡಿ, ತಳ ಮುಟ್ಟುವವರೆಗೆ ನಿಧಾನವಾಗಿ ಇಳಿಸಿ, ಒಂದೇ ಬಾಯಿಯಿಂದ, ನೆಟ್ಟಗೆ. ಡೀಸೆಲ್ ಗುರುತು ಚೆನ್ನಾಗಿ ಕಾಣಲು ಪೇಸ್ಟ್ ಸಿಗುತ್ತೆ, ಸವರಿಕೊಳ್ಳಿ. ದಿನಾ ಅದೇ ಜಾಗಕ್ಕೆ ಕಡ್ಡಿ ಕುಟ್ಟಿ ಕುಟ್ಟಿ ತಳವೇ ತೂತಾದ ಟ್ಯಾಂಕ್ ನೋಡಿದ್ದೇನೆ. ಅದಕ್ಕೇ ಡೀಸೆಲ್ ತುಂಬುವ ಪೈಪಿನ ನೇರ ಕೆಳಗೆ ತಳದಲ್ಲಿ ಒಂದು ದಪ್ಪ ಪಟ್ಟಿ ಇರಬೇಕು. ನಿಮ್ಮದರಲ್ಲಿ ಇದೆಯಾ, ಹಾಕಿದವರನ್ನು ಕೇಳಿ.

ಕಡ್ಡಿಯ ತುದಿಯನ್ನೂ ನೋಡಿ. ನಾನು ಫಿಟ್ಟರ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಕಡೆ ರಾತ್ರೋರಾತ್ರಿ 80 ಲೀಟರ್ ಹೋಗಿದೆ ಅಂತ ಕರೆ ಬಂತು. ಹೋದವರೇ ಕಾಂಕ್ರೀಟ್ ಒಡೆದೆವು. ಎರಡು ದಿನ ಅಗೆದೆವು. ಪೈಪ್ ಒಣಗಿಕೊಂಡಿದೆ, ಮಣ್ಣಲ್ಲಿ ವಾಸನೆಯೂ ಇಲ್ಲ. ಮೂರನೇ ದಿನ ಗೋಡೆಗೆ ಒರಗಿಸಿದ್ದ ಎರಡು ಕಡ್ಡಿ ಕಣ್ಣಿಗೆ ಬಿತ್ತು, ಒಂದು ಹಳೆಯದು, ಒಂದು ಹೊಸದು. ಹಳೆಯದರ ತುದಿ 2 ಸೆಂ.ಮೀ. ಸವೆದಿತ್ತು. ಅಷ್ಟು ವರ್ಷ ಅದು 2 ಸೆಂ.ಮೀ. ಜಾಸ್ತಿ ತೋರಿಸುತ್ತಲೇ ಇತ್ತು. ಹಿಂದಿನ ದಿನ ಹೊಸ ಕಡ್ಡಿ ಬಂದಿದೆ, 80 ಲೀಟರ್ 'ಕಳೆದುಹೋಗಿದೆ'. ಕಾಂಕ್ರೀಟ್ ಹಾಕಿಕೊಟ್ಟದ್ದು ನಮ್ಮ ಖರ್ಚಲ್ಲೇ.

ಡಿಪ್ ಲೆಕ್ಕ ಸೋರಿಕೆ ಅಂತಲೇ ಹೇಳಿದರೆ ಟ್ಯಾಂಕಿಗಿಂತ ಮೊದಲು ಪೈಪ್ ನೋಡಿ. ನನ್ನ ಅನುಭವದಲ್ಲಿ ತಗಡಿಗಿಂತ ಮೊದಲು ಕೈಕೊಡುವುದು ಜಾಯಿಂಟುಗಳು: ಎಲ್ಬೋ, ಯೂನಿಯನ್, ಪಂಪಿನ ಕೆಳಗಿನ ಬೆಂಡು. ಥ್ರೆಡ್ ಕೊರೆದ ಜಾಗದಲ್ಲಿ ಪೈಪಿನ ದಪ್ಪ ಅರ್ಧಕ್ಕೆ ಬಂದಿರುತ್ತೆ, ತುಕ್ಕು ಅಲ್ಲೇ ಗೆಲ್ಲುತ್ತೆ.

ನಿಮ್ಮದು ಎಳೆಯುವ ಪಂಪ್ ಅನ್ನುವುದು ಒಳ್ಳೆಯ ಸುದ್ದಿ. ಟ್ಯಾಂಕಿನೊಳಗೆ ಪಂಪ್ ಇಟ್ಟು ತಳ್ಳುವ ವ್ಯವಸ್ಥೆಯಲ್ಲಿ ಪೈಪ್ ತೂತಾದರೆ ಡೀಸೆಲ್ ಒತ್ತಡದಲ್ಲಿ ಮಣ್ಣಿಗೆ ಚಿಮ್ಮುತ್ತೆ. ಎಳೆಯುವ ಪೈಪಿನಲ್ಲಿ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ತೂತಾದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತೆ. ಆದರೆ ಇದು ನಿಜವಾಗಲು ಎರಡು ಷರತ್ತು. ಪೈಪ್ ಪಂಪಿನಿಂದ ಟ್ಯಾಂಕಿನ ಕಡೆಗೆ ಇಳಿಜಾರಾಗಿರಬೇಕು, ಮೀಟರಿಗೆ 1 ಸೆಂ.ಮೀ. ಆದರೂ. ಇಡೀ ಲೈನಿನಲ್ಲಿ ಒಂದೇ ಚೆಕ್ ವಾಲ್ವ್ (ಡೀಸೆಲ್ಲನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಇರಬೇಕು, ಅದೂ ಪಂಪಿನ ಹೊಟ್ಟೆಯ ಕೆಳಗೇ. ಆಗ ಪಂಪ್ ನಿಂತ ಮೇಲೆ ಪೈಪ್ ತೂತಾಗಿದ್ದರೂ ಒಳಗಿನ ಡೀಸೆಲ್ ತಾನಾಗಿ ಟ್ಯಾಂಕಿಗೆ ಇಳಿದುಹೋಗುತ್ತೆ.

ಎಡವಟ್ಟಾಗುವುದು ಇಲ್ಲೇ. ಬೋರ್‌ವೆಲ್, ಬಾವಿ ಪಂಪಿನ ಅಭ್ಯಾಸದಲ್ಲಿ ಫಿಟ್ಟರ್‌ಗಳು ಟ್ಯಾಂಕಿನ ತಳದಲ್ಲಿ, ಪೈಪಿನ ಕೆಳತುದಿಗೆ ಫುಟ್ ವಾಲ್ವ್ ಅನ್ನುವ ಚೆಕ್ ವಾಲ್ವ್ ಕೂರಿಸಿಬಿಡುತ್ತಾರೆ. ಪಂಪ್ ಬೇಗ ಎತ್ತುತ್ತೆ, ಎಲ್ಲರಿಗೂ ಖುಷಿ. ಆದರೆ ಪಂಪ್ ನಿಂತಾಗ 20 ಮೀಟರ್ ಪೈಪ್ ತುಂಬ ಡೀಸೆಲ್ ನಿಂತಿರುತ್ತೆ. ಎಲ್ಲಿ ತೂತಿದೆಯೋ ಅಲ್ಲಿಂದ ರಾತ್ರಿಯಿಡೀ ಜಿನುಗುತ್ತೆ. ಬೆಳಿಗ್ಗೆ ಪಂಪ್ ಹಾಕಿದರೆ ಮತ್ತೆ ತುಂಬುತ್ತೆ, ರಾತ್ರಿ ಮತ್ತೆ ಮಣ್ಣಿಗೆ. ಫುಟ್ ವಾಲ್ವ್ ತೆಗೆದು ಪಂಪಿನ ಕೆಳಗೆ ವಾಲ್ವ್ ಹಾಕಿಸುವುದು ಒಂದು ದಿನದ ಕೆಲಸ. ಈ ಉತ್ತರದಲ್ಲಿ ಒಂದೇ ಒಂದು ಕೆಲಸ ಮಾಡಿಸುವುದಾದರೆ ಇದನ್ನೇ ಮಾಡಿಸಿ ಅನ್ನುತ್ತೇನೆ.

ಬದಲಾಯಿಸಿದ ಮೇಲೆ ಪಂಪೇ ಕಾವಲುಗಾರ. ಬೆಳಿಗ್ಗೆ ಮೊದಲ ಸಲ ಹಾಕಿದಾಗ ಗಡಗಡ ಸದ್ದು, ಡೀಸೆಲ್ ತಡೆತಡೆದು ಬರುವುದು, ನಳಿಕೆಯಲ್ಲಿ ಗುಳ್ಳೆ, ಇವು ಕಂಡರೆ ಪೈಪಿನಲ್ಲಿ ಗಾಳಿ ಸೇರುತ್ತಿದೆ, ಇಲ್ಲವೇ ಚೆಕ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಮೊದಲು ವಾಲ್ವ್ ಬಿಚ್ಚಿ ಒರೆಸಿ ಹಾಕಿ. ಆಮೇಲೂ ಹಾಗೇ ಇದ್ದರೆ ಪೈಪ್.

ಪೈಪ್ ಬದಲಾಯಿಸುವುದಾದರೆ ಜಿಐ, ಅಂದರೆ ಸತು ಲೇಪದ ಕಬ್ಬಿಣದ ಪೈಪ್ ಬೇಡ. ಸತು ಲೇಪ ಡೀಸೆಲ್ ಜೊತೆ ಸೇರಿ ಸೋಪಿನಂಥ ಗಸಿ ಆಗುತ್ತೆ, ಫಿಲ್ಟರ್ ಕಟ್ಟುತ್ತೆ. ತಾಮ್ರ, ಹಿತ್ತಾಳೆಯ ತುಂಡುಗಳನ್ನು ಕಬ್ಬಿಣಕ್ಕೆ ಸೇರಿಸಿ ಮಣ್ಣಲ್ಲಿ ಹೂಳುವುದೂ ಬೇಡ. ಎರಡು ಲೋಹ, ನಡುವೆ ತೇವದ ಮಣ್ಣು, ಅಲ್ಲಿಗೆ ಒಂದು ಬ್ಯಾಟರಿ ಆಯಿತು. ಕಬ್ಬಿಣವೇ ಕರಗುವುದು. ಇಂಧನಕ್ಕೆಂದೇ ಮಾಡಿದ, ಜಾಯಿಂಟ್ ಇಲ್ಲದೆ ಒಂದೇ ಉದ್ದಕ್ಕೆ ಬರುವ ಎರಡು ಪದರದ ಪ್ಲಾಸ್ಟಿಕ್ ಪೈಪ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಜಾಯಿಂಟ್ ಬಂದೇ ಬರುವ ಎರಡು ತುದಿಗಳನ್ನು ಮುಚ್ಚಳವಿರುವ ಗುಂಡಿಯಲ್ಲಿಡಿ, ಮುಚ್ಚಳ ತೆಗೆದರೆ ಕಣ್ಣಿಗೆ ಕಾಣುವ ಹಾಗೆ.

ತುಂಬುವ ಬಾಯಿಯ ಸುತ್ತ ಮಣ್ಣು ಕಪ್ಪಗಿದೆಯಾ ನೋಡಿ. ಪ್ರತಿ ಲೋಡಿಗೆ ಹೋಸ್ ಬಿಚ್ಚುವಾಗ ಒಂದು ಲೋಟ ಚೆಲ್ಲಿದರೂ ವರ್ಷಗಟ್ಟಲೆ ಅದೇ ಜಾಗಕ್ಕೆ ಇಳಿಯುತ್ತೆ. ಆಮೇಲೆ ಅಗೆದವರು ಟ್ಯಾಂಕ್ ಸೋರಿದೆ ಅಂತಾರೆ! ಬಾಯಿಯ ಸುತ್ತ ಒಂದು ಬಕೆಟ್ಟಿನಂಥ ಗುಂಡಿ ಕೂರಿಸಿ, ಅದರಲ್ಲಿ ನೀರು ನಿಲ್ಲದ ಹಾಗೆ ನೋಡಿಕೊಳ್ಳಿ. ಟ್ಯಾಂಕನ್ನು ಶೇ. 90 ದಾಟಿ ತುಂಬಿಸಬೇಡಿ. ಟ್ಯಾಂಕರ್ ಬಂದಾಗ ಮೊದಲು ಡಿಪ್ ತೆಗೆದು ಎಷ್ಟು ಹಿಡಿಯುತ್ತೆ ಅಂತ ಲೆಕ್ಕ ಹಾಕಿ, ಮುಗಿಯುವವರೆಗೆ ಅಲ್ಲೇ ನಿಂತಿರಿ.

ನೀರಿನ ವಿಷಯಕ್ಕೆ ಬಂದರೆ, ತಿಂಗಳಿಗೊಮ್ಮೆ ಕಡ್ಡಿಯ ತುದಿಗೆ ವಾಟರ್ ಪೇಸ್ಟ್ ಹಚ್ಚಿ ಇಳಿಸಿ. ನೀರು ಮುಟ್ಟಿದಷ್ಟು ಬಣ್ಣ ಬದಲಾಗುತ್ತೆ. ಮಳೆ ಬಿದ್ದ ಮೇಲೆ ನೀರು ಏರಿದರೆ ಮುಚ್ಚಳದ ವಾಷರ್ ಹೋಗಿರಬಹುದು. ತೇವ ನೆಲದಲ್ಲಿ ತಗಡೇ ತೂತಾಗಿ ನೆಲದ ನೀರು ಒಳಗೆ ಬರುತ್ತಿರಬಹುದು, ಆಗ ಡಿಪ್ ಕಡಿಮೆಯಾಗುವ ಬದಲು ಜಾಸ್ತಿ ತೋರಿಸಿ ಮೋಸ ಮಾಡುತ್ತೆ. ತಳದ ನೀರು ಮತ್ತು ಡೀಸೆಲ್ ಕೂಡುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಆಮ್ಲ ಬಿಡುತ್ತವೆ, ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತವೆ. ಅಮೆರಿಕದ ಪರಿಸರ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೆಲದಡಿಯ 42 ಡೀಸೆಲ್ ಟ್ಯಾಂಕ್ ವ್ಯವಸ್ಥೆ ನೋಡಿದಾಗ ಶೇ. 83ರಲ್ಲಿ ಒಳಗಿನ ಲೋಹದ ಭಾಗಗಳಿಗೆ ಮಧ್ಯಮ ಅಥವಾ ತೀವ್ರ ತುಕ್ಕು ಹಿಡಿದಿತ್ತು. ಆದ್ದರಿಂದ ನೀರು ಕಂಡರೆ 'ಇರಲಿ ಬಿಡು' ಅನ್ನಬೇಡಿ, ಹೊರಗೆ ತೆಗೆಸಿ.

ಇನ್ನು ನೀವು ಕೇಳಿದ ಎಪಾಕ್ಸಿ. ಒಳಗೆ ಹಚ್ಚಿದರೆ ಒಳಗಿನ ತುಕ್ಕು ನಿಲ್ಲುತ್ತೆ, ಮಣ್ಣಿನ ಕಡೆಯ ತುಕ್ಕು ತನ್ನ ಪಾಡಿಗೆ ಕೊರೆಯುತ್ತಲೇ ಇರುತ್ತೆ. ಹೊರಗಿನದನ್ನು ತಡೆಯುವುದು ಕ್ಯಾಥೋಡಿಕ್ ಪ್ರೊಟೆಕ್ಷನ್: ಸತು ಇಲ್ಲವೇ ಮೆಗ್ನೀಸಿಯಂ ಗಟ್ಟಿಯನ್ನು ಪಕ್ಕದಲ್ಲಿ ಹೂತು ತಂತಿಯಿಂದ ಟ್ಯಾಂಕಿಗೆ ಸೇರಿಸುತ್ತಾರೆ. ಟ್ಯಾಂಕಿನ ಬದಲು ಆ ಗಟ್ಟಿ ಕರಗುತ್ತೆ. ಕೆಲಸ ಮಾಡುತ್ತಿದೆಯಾ ಅಂತ ಮೀಟರ್ ಇಟ್ಟೇ ಹೇಳಬೇಕು. ತಾಮ್ರ-ಮೈಲುತುತ್ತದ ಎಲೆಕ್ಟ್ರೋಡ್ ಮಣ್ಣಿಗಿಟ್ಟು ಅಳೆದರೆ ಮೈನಸ್ 0.85 ವೋಲ್ಟ್, ಇಲ್ಲವೇ ಅದಕ್ಕಿಂತ ಆಚೆ ಮೈನಸ್ ಬರಬೇಕು. ಹೂತು ಮರೆತರೆ ಗಟ್ಟಿ ಕರಗಿ ಮುಗಿದದ್ದೂ ಗೊತ್ತಾಗುವುದಿಲ್ಲ.

18 ವರ್ಷ ಬರೀ ಮೈಯಲ್ಲಿ ಮಣ್ಣಲ್ಲಿದ್ದ ಟ್ಯಾಂಕಿಗೆ ನಾನಾದರೆ ಎಪಾಕ್ಸಿಗೂ ದುಡ್ಡು ಹಾಕುವುದಿಲ್ಲ, ಗಟ್ಟಿಗೂ ಹಾಕುವುದಿಲ್ಲ. ನೆಲದ ಮೇಲೆ ಹೊಸ ಟ್ಯಾಂಕ್ ಕಂಬಗಳ ಮೇಲೆ ಕೂರಿಸಿ, ಸುತ್ತ ಟ್ಯಾಂಕಿನ ಶೇ. 110ರಷ್ಟು ಹಿಡಿಯುವ ಕಾಂಕ್ರೀಟ್ ಕಟ್ಟೆ ಕಟ್ಟಿಸುತ್ತೇನೆ. ನಿಮ್ಮಲ್ಲಿ ಜಾಗಕ್ಕೆ ಬರ ಇಲ್ಲ ಅಲ್ವಾ? ಒಂದು ಹನಿ ಬಿದ್ದರೂ ಕಟ್ಟೆಯಲ್ಲಿ ಕಾಣುತ್ತೆ, ಒರೆಸಬಹುದು.

ಇಲ್ಲ, ನೆಲದಡಿಯೇ ಬೇಕು ಅಂದರೆ ಎರಡು ಗೋಡೆಯ ಟ್ಯಾಂಕ್ ತನ್ನಿ, ಗೋಡೆಗಳ ನಡುವೆ ಸೆನ್ಸರ್ ಇರಲಿ. ಅಗೆದ ಮಣ್ಣನ್ನೇ ವಾಪಸ್ ಸುರಿಯಬೇಡಿ. ಒಂದು ಚೂಪು ಕಲ್ಲು ಲೇಪ ಕೆರೆದರೆ ತುಕ್ಕೆಲ್ಲ ಆ ಒಂದು ಗೀರಿನಲ್ಲೇ ಕೂತು ಕೊರೆಯುತ್ತೆ. ತೊಳೆದ ಮರಳು ಇಲ್ಲವೇ ತಯಾರಕರು ಹೇಳಿದ ಸಣ್ಣ ದುಂಡು ಜಲ್ಲಿ ಹಾಕಿ. ನೆಲದ ನೀರು ಮೇಲೆ ಬರುವ ಜಾಗವಾದರೆ ಪಟ್ಟಿ ಬಿಗಿದು ಕಾಂಕ್ರೀಟಿಗೆ ಕಟ್ಟಿಸಿ. ಮುಳುಗಿದ 5000 ಲೀಟರಿನ ಖಾಲಿ ಟ್ಯಾಂಕನ್ನು ನೀರು 5 ಟನ್ ಬಲದಿಂದ ಮೇಲಕ್ಕೆ ತಳ್ಳುತ್ತೆ. ಮಳೆಗಾಲದಲ್ಲಿ ಟ್ಯಾಂಕ್ ಎದ್ದು ಬಂದರೆ ಪೈಪುಗಳೆಲ್ಲ ಕಿತ್ತುಕೊಂಡೇ ಬರುವುದು. ಮುಚ್ಚುವ ಮೊದಲು ಫೋಟೋ ತೆಗೆದು, ಪೈಪ್ ಎಲ್ಲಿ ಹೋಗಿದೆ ಅಂತ ಅಳತೆ ಬರೆದಿಡಿ.

ನಾಲ್ಕು ವಾರದ ಸರಾಸರಿ 49 ಲೀಟರ್ ದಾಟಿದರೆ, ಅಥವಾ ಬಾವಿ ನೀರಲ್ಲಿ ವಾಸನೆ, ಮೇಲೆ ಎಣ್ಣೆಯ ಬಣ್ಣದ ಪೊರೆ ಕಂಡರೆ ಐದನೇ ವಾರಕ್ಕೆ ಕಾಯಬೇಡಿ. ಅವತ್ತೇ ಡೀಸೆಲ್ ಬೇರೆಡೆಗೆ ಖಾಲಿ ಮಾಡಿಸಿ, ಆ ನೀರು ಮನುಷ್ಯರಿಗೂ ದನಕ್ಕೂ ಕೊಡಬೇಡಿ, ಸಂಬಂಧಪಟ್ಟ ಇಲಾಖೆಗೆ ತಿಳಿಸಿ. ಖಾಲಿಯಾದ ಟ್ಯಾಂಕಿನೊಳಗೆ ಯಾರನ್ನೂ ಇಳಿಸಬೇಡಿ, ಗುಜರಿಯವರಿಗೆ ಅಲ್ಲೇ ಗ್ಯಾಸ್ ಕಟರ್ ಹಾಕಲೂ ಬಿಡಬೇಡಿ. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ, ಒಳಗೆ ಇರುವುದೆಲ್ಲ ಆವಿ.

ನಾಳೆ ಪಂಪಿನ ಕೆಳಗಿನ ತಗಡು ಬಿಚ್ಚಿ ಒಂದು ಫೋಟೋ ಹಾಕಿ. ಚೆಕ್ ವಾಲ್ವ್ ಅಲ್ಲಿದೆಯಾ, ಇಲ್ಲ ಟ್ಯಾಂಕಿನೊಳಗಾ ಅಂತ ಗೊತ್ತಾದರೆ ಅಗೆಯಬೇಕಾ ಬೇಡವಾ ಅಂತ ಅರ್ಧ ತೀರ್ಮಾನ ಆದ ಹಾಗೆ. ಕಡ್ಡಿಯ ತುದಿಯ ಫೋಟೋನೂ ಇರಲಿ.