ತಮ್ಮನಿಗೆ ಹದಿನೆಂಟು ತುಂಬುವ ಮೊದಲು

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ನಾನು ಮೂರು ಬಾರಿ ಓದಿದೆ. ಬರೆದವರು ಇಪ್ಪತ್ತು ವರ್ಷದ ಯುವತಿ, ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿ ಓದುತ್ತಿದ್ದಾರೆ. ತಂದೆ ಸರ್ಕಾರಿ ನೌಕರ. ನಾಲ್ಕು ವರ್ಷಗಳ ಹಿಂದೆ ತಂದೆತಾಯಿ ಪರಸ್ಪರ ಒಪ್ಪಿಗೆಯಿಂದ ವಿಚ್ಛೇದನ ಪಡೆದರು. ತಾಯಿಗೆ ಒಂದೇ ಬಾರಿಗೆ ಮೂರು ಲಕ್ಷ ರೂಪಾಯಿ ಕೊಟ್ಟು, ತನಗಾಗಲಿ ಮಕ್ಕಳಿಗಾಗಲಿ ಮುಂದೆ ಯಾವ ಜೀವನಾಂಶವನ್ನೂ ಕೇಳುವುದಿಲ್ಲವೆಂದು ರಾಜಿ ಅರ್ಜಿಯಲ್ಲಿ ಬರೆಸಿಕೊಳ್ಳಲಾಯಿತು. ಆ ಹಣ ಹಳೆಯ ಸಾಲಕ್ಕೂ ಬಾಡಿಗೆ ಮನೆಯ ಮುಂಗಡಕ್ಕೂ ಮುಗಿದುಹೋಗಿದೆ. ಮಗಳ ಕಾಲೇಜು ಶುಲ್ಕವನ್ನು ತಂದೆ ಕೆಲಕಾಲ ತಾವಾಗಿಯೇ ಕಟ್ಟುತ್ತಿದ್ದರು. ಅವಳಿಗೆ ಹದಿನೆಂಟು ತುಂಬಿದ ಮೇಲೆ ಅದೂ ನಿಂತಿತು. ಈಗ ತಾಯಿಯ ಹೊಲಿಗೆಯ ಸಂಪಾದನೆಯಲ್ಲಿ ಮನೆ ನಡೆಯುತ್ತಿದೆ, ಮಗಳು ಸಂಜೆ ಮಕ್ಕಳಿಗೆ ಪಾಠ ಹೇಳಿ ತಿಂಗಳಿಗೆ ಐದು ಸಾವಿರ ದುಡಿಯುತ್ತಾಳೆ. "ಹದಿನೆಂಟಕ್ಕೆ ಕಾನೂನು ಮುಗಿಯಿತು, ಸ್ವಾಭಿಮಾನವಿದ್ದರೆ ಆ ಮನುಷ್ಯನ ಮುಂದೆ ಕೈ ಚಾಚಬೇಡಿ" ಎಂದು ಸೋದರಮಾವ ಹೇಳಿದ್ದಾರಂತೆ. ಅವರ ಪ್ರಶ್ನೆ ಇಷ್ಟೇ: ತಂದೆಯನ್ನು ಕೇಳುವ ಹಕ್ಕು ನನಗೆ ಉಳಿದಿದೆಯೇ?

ಉಳಿದಿದೆ. ಅದನ್ನು ವಿವರಿಸುತ್ತೇನೆ. ಆದರೆ ನನ್ನನ್ನು ಕಾಡಿದ್ದು ಆ ಪ್ರಶ್ನೆಯಲ್ಲ. ನಾಲ್ಕು ಪುಟಗಳ ಪತ್ರದಲ್ಲಿ, ಮೂರನೆಯ ಪುಟದ ಕೊನೆಗೆ, ಆವರಣದೊಳಗೆ ನೀವು ಒಂದು ವಾಕ್ಯ ಬರೆದಿದ್ದೀರಿ: "ತಮ್ಮನಿಗೆ ಇನ್ನು ಎಂಟು ತಿಂಗಳಿಗೆ ಹದಿನೆಂಟಾಗುತ್ತದೆ, ಪಿಯುಸಿ ಮುಗಿಸಿ ಕೆಲಸಕ್ಕೆ ಸೇರುತ್ತಾನಂತೆ, ಅವನಿಗೆ ಓದಿನಲ್ಲಿ ಅಷ್ಟಾಗಿ ಆಸಕ್ತಿಯೂ ಇಲ್ಲ." ತಾಯಿ ರಾತ್ರಿ ಹನ್ನೊಂದರವರೆಗೆ ಹೊಲಿಗೆ ಯಂತ್ರದ ಮುಂದೆ ಕುಳಿತಿರುವುದನ್ನು, ಅಕ್ಕ ಪಾಠ ಹೇಳಿ ದಣಿದು ಬರುವುದನ್ನು ದಿನವೂ ನೋಡುವ ಹದಿನೇಳರ ಹುಡುಗನೊಬ್ಬ ತನಗೆ ಓದಿನಲ್ಲಿ ಆಸಕ್ತಿಯಿಲ್ಲ ಎಂದರೆ ನಾನು ಅದನ್ನು ನಂಬುವುದಿಲ್ಲ. ಅವನು ಮನೆಯ ಲೆಕ್ಕ ಹಾಕಿದ್ದಾನೆ, ಲೆಕ್ಕದಿಂದ ಮೊದಲು ತನ್ನ ಹೆಸರನ್ನೇ ಕಳೆದಿದ್ದಾನೆ. ನೀವು ಅವನನ್ನು ಕಡೆಗಣಿಸಿದಿರಿ ಎಂದು ದೂರುತ್ತಿಲ್ಲ, ನಿಮ್ಮ ಹೆಗಲ ಮೇಲಿನ ಭಾರ ನನಗೆ ಕಾಣುತ್ತದೆ. ಆದರೆ ಕಾನೂನಿನ ಗಡಿಯಾರ ಓಡುತ್ತಿರುವುದು ಅವನ ಪಾಲಿಗೆ, ನಿಮ್ಮ ಪಾಲಿಗಲ್ಲ.

ನಿಮ್ಮ ಮಾವ ಹೇಳಿದ ಮಾತು ನಿಮ್ಮ ವಿಷಯದಲ್ಲಿ ಸುಳ್ಳು, ನಿಮ್ಮ ತಮ್ಮನ ವಿಷಯದಲ್ಲಿ ನಿಜ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಪ್ರಕರಣದಂತೆ (ಸೆಕ್ಷನ್ 20), ತನ್ನ ಸಂಪಾದನೆಯಿಂದಾಗಲಿ ಆಸ್ತಿಯಿಂದಾಗಲಿ ಬದುಕು ನಡೆಸಲಾಗದ ಅವಿವಾಹಿತ ಮಗಳನ್ನು ಪೋಷಿಸುವ ಹೊಣೆ ತಂದೆತಾಯಿಯದು. ಅಲ್ಲಿ ಹದಿನೆಂಟರ ಗೆರೆ ಇಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಸ್ಪಷ್ಟಪಡಿಸಿತು: ವಯಸ್ಸಿಗೆ ಬಂದ ಆರೋಗ್ಯವಂತ ಮಗಳು ದಂಡ ಪ್ರಕ್ರಿಯಾ ಸಂಹಿತೆಯ 125ನೇ ಪ್ರಕರಣದಡಿ ಕೇಳುವಂತಿಲ್ಲ, 1956ರ ಕಾಯ್ದೆಯಡಿ ಕೇಳಬಹುದು. (ಈ ಕಾಯ್ದೆ ಹಿಂದೂ, ಜೈನ, ಬೌದ್ಧ, ಸಿಖ್ ಕುಟುಂಬಗಳಿಗೆ ಅನ್ವಯಿಸುತ್ತದೆ. ಮುಸ್ಲಿಂ ತಂದೆಯೂ ಮಗಳನ್ನು ಅವಳ ಮದುವೆಯವರೆಗೆ ಪೋಷಿಸಬೇಕೆಂದು 1997ರಲ್ಲಿಯೇ ಸುಪ್ರೀಂ ಕೋರ್ಟ್ ಹೇಳಿದೆ.) ಆರೋಗ್ಯವಂತ ಮಗನಿಗಾದರೋ ಎರಡು ದಾರಿಗಳೂ ಅಪ್ರಾಪ್ತ ವಯಸ್ಸಿನವರೆಗೆ ಮಾತ್ರ. 125ನೇ ಪ್ರಕರಣದ ಜಾಗಕ್ಕೆ 2024ರ ಜುಲೈ 1ರಿಂದ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಪ್ರಕರಣವೂ ಇದನ್ನು ಬದಲಿಸಿಲ್ಲ. ಮಗಳು ಮದುವೆಯವರೆಗೆ ತಂದೆಯ ಹೊಣೆ, ಮಗ ಹದಿನೆಂಟರಿಂದಲೇ ದುಡಿಯುವ ಕೈ ಎಂದು ಬಗೆದ ಕಾಲದ ನಿಯಮವಿದು. ಪದವಿಯಿಲ್ಲದೆ ಕೆಲಸ ಸಿಗದ ಇಂದಿನ ದಿನಗಳಲ್ಲಿ ಇದು ಗಂಡುಮಕ್ಕಳಿಗೆ ಮಾಡುವ ಅನ್ಯಾಯವೆಂದು ನಾನು ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.

ಹದಿನೆಂಟರ ಲೆಕ್ಕ ನಿಜವಾಗಿ ಯಾರಿಗೆ ಅನ್ವಯಿಸುತ್ತದೋ ಆ ಹುಡುಗ ಮನೆಯಲ್ಲಿಯೇ ಇದ್ದಾಗ, ಆ ಲೆಕ್ಕವನ್ನು ನಿಮ್ಮನ್ನು ಸುಮ್ಮನಾಗಿಸಲು ಬಳಸಿದ ಮಾವನ ಬಗ್ಗೆ ನನಗೆ ತಾಳ್ಮೆಯಿಲ್ಲ. ನಾಲ್ಕು ವರ್ಷಗಳ ಹಿಂದೆ ಆ ರಾಜಿಯ ಮಾತುಕತೆಗೆ ಮುಂದೆ ನಿಂತವರೂ ಅವರೇ ಎಂದು ನೀವು ಬರೆದಿದ್ದೀರಿ. ತಂಗಿಯ ಕೈಯಿಂದ ಮಕ್ಕಳ ಹಕ್ಕನ್ನೂ ಬಿಟ್ಟುಕೊಡಿಸಿ ಸಹಿ ಹಾಕಿಸಿದವರು ಈಗ ಸ್ವಾಭಿಮಾನದ ಮಾತಾಡುವುದು ಸಲ್ಲದು. ಕೊಡಬೇಕಾದವನಿಗೆ ಯಾರೂ ಸ್ವಾಭಿಮಾನವನ್ನು ನೆನಪಿಸುವುದಿಲ್ಲ. ಪಡೆಯಬೇಕಾದ ಹೆಂಗಸರಿಗೂ ಮಕ್ಕಳಿಗೂ ಮಾತ್ರ ಅದನ್ನು ಉಪದೇಶಿಸುತ್ತಾರೆ. ನಿಮ್ಮ ತಂದೆಯ ತಪ್ಪು ದೊಡ್ಡದೇ. ಆದರೆ ಅವರು ಕೊಡದಿರುವುದಕ್ಕೆ ನ್ಯಾಯದ ಬಣ್ಣ ಬಳಿದವರು ನಿಮ್ಮ ಮಾವ.

ಆ ರಾಜಿ ಪತ್ರಕ್ಕೆ ಹೆದರಬೇಡಿ. 2019ರಲ್ಲಿ ಇಂಥದೇ ಪ್ರಕರಣವೊಂದರಲ್ಲಿ, ಹೆಂಡತಿ ತನ್ನ ಹಕ್ಕನ್ನು ಬಿಟ್ಟುಕೊಡಬಹುದೇ ಹೊರತು ಅಪ್ರಾಪ್ತ ಮಗಳ ಜೀವನಾಂಶದ ಹಕ್ಕನ್ನು ಚೌಕಾಸಿಗೆ ಇಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿದೆ. ನೀವಿಬ್ಬರೂ ಆ ಪತ್ರಕ್ಕೆ ಸಹಿ ಹಾಕಿದವರಲ್ಲ. ನಿಮ್ಮ ತಾಯಿಗೆ ಈ ತೀರ್ಪನ್ನು ಓದಿ ಹೇಳಿ. ಮಕ್ಕಳ ಬಾಯಿಗೆ ಬೀಗ ಹಾಕಿದವಳು ತಾನೇ ಎಂಬ ಕೊರಗು ಅವರಲ್ಲಿ ಇರಬಹುದು.

ನಿಮ್ಮ ಅರ್ಹತೆಯನ್ನು ನ್ಯಾಯಾಲಯ ಅಳೆಯುವಾಗ ಎರಡು ಪ್ರಶ್ನೆಗಳು ಬರುತ್ತವೆ. ಮೊದಲನೆಯದು ನಿಮ್ಮ ಐದು ಸಾವಿರ ರೂಪಾಯಿ. ಅದನ್ನು ಮುಚ್ಚಿಡಬೇಡಿ. ಜೀವನಾಂಶವೆಂದರೆ ಊಟ, ಬಟ್ಟೆ, ವಸತಿ, ಶಿಕ್ಷಣ, ವೈದ್ಯಕೀಯ ವೆಚ್ಚ ಎಂದು 1956ರ ಕಾಯ್ದೆಯೇ ಹೇಳುತ್ತದೆ, ಇಷ್ಟೆಲ್ಲಕ್ಕೂ ಆ ಹಣ ಸಾಲುವುದಿಲ್ಲವೆಂಬುದನ್ನು ನಿಮ್ಮ ಶುಲ್ಕದ ರಸೀದಿಗಳು ಹೇಳಲಿ. ಎರಡನೆಯದು ಹೆಚ್ಚು ಸೂಕ್ಷ್ಮವಾದದ್ದು. ತಂದೆಯ ಕರೆಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿದ್ದೇನೆ, "ಇನ್ನು ನಮಗೂ ನಿಮಗೂ ಸಂಬಂಧವಿಲ್ಲ" ಎಂದು ಸಂದೇಶ ಕಳಿಸಬೇಕೆಂದಿದ್ದೇನೆ ಎಂದು ಬರೆದಿದ್ದೀರಿ. ದಯವಿಟ್ಟು ಕಳಿಸಬೇಡಿ. 2022ರಲ್ಲಿ ವಿಚ್ಛೇದನದ ಪ್ರಕರಣವೊಂದನ್ನು ತೀರ್ಮಾನಿಸುವಾಗ ಸುಪ್ರೀಂ ಕೋರ್ಟ್, ತಂದೆಯೊಡನೆ ಸಂಬಂಧವೇ ಬೇಡವೆಂದ ಸುಮಾರು ಇಪ್ಪತ್ತು ವರ್ಷದ ಮಗಳಿಗೆ ಶಿಕ್ಷಣಕ್ಕಾಗಿ ಅವನಿಂದ ಹಣ ಕೇಳುವ ಹಕ್ಕಿಲ್ಲ ಎಂದಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯದ ಮತ್ತೊಂದು ಪೀಠ, ಶಿಕ್ಷಣದ ವೆಚ್ಚವನ್ನು ತಂದೆತಾಯಿಯಿಂದ ಪಡೆಯುವುದು ಮಗಳ ಕಸಿಯಲಾಗದ ಹಕ್ಕು ಎಂದಿತು. ಎರಡೂ ಮಾತುಗಳು ಇರುವಾಗ ತಂದೆಯ ಪರ ವಕೀಲರ ಕೈಗೆ ಆ ಸಂದೇಶವನ್ನು ನೀವೇ ಕೊಡಬಾರದು. ಮಾತನಾಡಲು ಮನಸ್ಸಿಲ್ಲದಿದ್ದರೆ ಮಾತನಾಡಬೇಡಿ, ಮುರಿದ ಮನೆಯ ಮಕ್ಕಳಿಗೆ ಪ್ರೀತಿಯನ್ನು ನಟಿಸುವ ಬಾಧ್ಯತೆಯಿಲ್ಲ. ಬಾಗಿಲು ಮುಚ್ಚಿದ್ದೇನೆಂದು ಬರವಣಿಗೆಯಲ್ಲಿ ಕೊಡಬೇಡಿ, ಅಷ್ಟೇ.

ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆಯ ಆದಾಯ ಕೇಳುತ್ತಾರೆಂಬ ನಿಮ್ಮ ಅಳಲಿಗೆ: ವಿಚ್ಛೇದನದ ತೀರ್ಪಿನ ಪ್ರಮಾಣೀಕೃತ ಪ್ರತಿಯನ್ನು ಲಗತ್ತಿಸಿ, ತಾಯಿಯೊಬ್ಬರ ಆದಾಯದ ಮೇಲೆ ಪ್ರಮಾಣಪತ್ರ ನೀಡುವಂತೆ ತಹಶೀಲ್ದಾರರಿಗೆ ಲಿಖಿತವಾಗಿ ಕೇಳಿ. ಬಾಯಿಮಾತಿನಲ್ಲಿ ಬಂದ ನಿರಾಕರಣೆಯನ್ನು ಉತ್ತರವೆಂದು ಎಣಿಸಬೇಡಿ.

ಈಗ ನೀವು ಮಾಡಬೇಕಾದದ್ದು ಒಂದೇ ಕೆಲಸ. ಈ ತಿಂಗಳು ಮುಗಿಯುವುದರೊಳಗೆ ತಾಯಿಯನ್ನು ಕರೆದುಕೊಂಡು ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ. ಅದು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಇರುತ್ತದೆ, 15100ಕ್ಕೆ ಕರೆ ಮಾಡಿದರೂ ದಾರಿ ಹೇಳುತ್ತಾರೆ. ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತವಾಗಿ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ, ಆದ್ದರಿಂದ ಖರ್ಚಿನ ನೆಪ ನಿಮ್ಮನ್ನು ತಡೆಯದಿರಲಿ. ಅಲ್ಲಿ ಮೊದಲು ತಮ್ಮನ ಪರವಾಗಿ ತಾಯಿ ಅರ್ಜಿ ಹಾಕಲಿ, ಬಳಿಕ ನಿಮ್ಮದು. ಕ್ರಮ ಬದಲಾಗಬಾರದು. ಜೀವನಾಂಶವನ್ನು ಅರ್ಜಿ ಸಲ್ಲಿಸಿದ ದಿನದಿಂದಲೇ ಲೆಕ್ಕ ಹಾಕಬೇಕೆಂದು 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿಗದಿಪಡಿಸಿದೆ. ಹೀಗಾಗಿ ಈ ಎಂಟು ತಿಂಗಳಲ್ಲಿ ನೀವು ತಡಮಾಡುವ ಪ್ರತಿ ತಿಂಗಳೂ ಆ ಹುಡುಗನ ಪಾಲಿನಿಂದ ಕಳೆದುಹೋಗುತ್ತದೆ. ಅದೇ ತೀರ್ಪಿನ ಪ್ರಕಾರ ನಿಮ್ಮ ತಂದೆ ತಮ್ಮ ಸಂಬಳ, ಸಾಲ, ಆಸ್ತಿಗಳ ವಿವರವನ್ನು ಪ್ರಮಾಣ ಮಾಡಿದ ಲಿಖಿತ ಹೇಳಿಕೆಯಲ್ಲಿ (ಅಫಿಡವಿಟ್) ಸಲ್ಲಿಸಬೇಕಾಗುತ್ತದೆ.

ಎಂಟು ತಿಂಗಳ ಹಣಕ್ಕಾಗಿ ಇಷ್ಟು ಓಡಾಟವೇ ಎಂದು ತಾಯಿ ಕೇಳಬಹುದು. ಕೌಟುಂಬಿಕ ನ್ಯಾಯಾಲಯ ಮೊದಲು ರಾಜಿಗೆ ಪ್ರಯತ್ನಿಸಬೇಕೆಂಬುದು ನಿಯಮ. ಹದಿನೆಂಟರ ನಂತರ ಮಗನಿಗೆ ಕೊಡಿಸಲು ನ್ಯಾಯಾಲಯಕ್ಕೆ ನೇರ ದಾರಿಯಿಲ್ಲದಿದ್ದರೂ, ಅವನ ಪದವಿ ಮುಗಿಯುವವರೆಗೆ ಶುಲ್ಕ ಕಟ್ಟುತ್ತೇನೆಂದು ತಂದೆ ಒಪ್ಪಿ ಬರೆದುಕೊಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಅವನು ಇನ್ನೂ ಹಕ್ಕುಳ್ಳ ಮಗುವಾಗಿ ಆ ಕೋಣೆಯಲ್ಲಿ ಕುಳಿತಿರುವಾಗ ಆ ಮಾತನ್ನು ಕೇಳುವುದಕ್ಕೂ, ಹಕ್ಕು ಕಳೆದುಕೊಂಡ ಮೇಲೆ ಬೇಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಹೊರಡುವ ಮುನ್ನ ತಮ್ಮನನ್ನು ಕೂರಿಸಿಕೊಂಡು, ಹಣದ ಮಾತೆತ್ತದೆ, ಪಿಯುಸಿ ಆದ ಮೇಲೆ ಏನು ಓದಬೇಕೆಂದಿದ್ದೆ ಎಂದು ಒಮ್ಮೆ ಕೇಳಿ. ಅವನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮರೆಯಬೇಡಿ, ಹುಟ್ಟಿದ ದಿನಾಂಕ ಅದರಲ್ಲಿದೆ.