ನೈಟ್ ಶಿಫ್ಟ್ ಊಟ ಮತ್ತು ಫ್ಯಾಟಿ ಲಿವರ್

ಪ್ರಶ್ನೆ: ಪೀಣ್ಯದ ಕಾರ್ಖಾನೆಯಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಡ್ಯೂಟಿ. ಒಂದೂವರೆಗೆ ಕ್ಯಾಂಟೀನಿನಲ್ಲಿ ಪೂರ್ತಿ ಊಟ. ಕುಡಿಯುವ ಅಭ್ಯಾಸವಿಲ್ಲ, ಆದರೂ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ (ಲಿವರ್‌ನಲ್ಲಿ ಕೊಬ್ಬು ಸೇರುವುದು) ಗ್ರೇಡ್ 1, ಅಂದರೆ ಆರಂಭದ ಹಂತ, ಎಂದು ಬಂದಿದೆ. ಹಗಲು ನಿದ್ದೆಗೆ ಕಿಟಕಿಗೆ ದಪ್ಪ ಪರದೆ ಹಾಕಿದರೆ ಸಾಕೇ?

ಉತ್ತರ: ಪರದೆ ಬೇಕು, ನಿದ್ದೆಗೆ ಅದು ಒಳ್ಳೆಯದು. ಆದರೆ ಲಿವರ್‌ಗೆ ಅಷ್ಟೇ ಸಾಲದು. ಕಣ್ಣಿಗೆ ಬಿದ್ದ ಬೆಳಕು ಹೊತ್ತು ತಿಳಿಸುವುದು ಮೆದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿರುವ, ದೇಹದ ಹೊತ್ತು ನೋಡಿಕೊಳ್ಳುವ ಮುಖ್ಯ ಗಡಿಯಾರಕ್ಕೆ. ಲಿವರ್ ಜೀವಕೋಶಗಳಲ್ಲೂ ಗಡಿಯಾರವಿದೆ. ಅದು ಹೆಚ್ಚಾಗಿ ನಂಬುವುದು ಊಟದ ಹೊತ್ತನ್ನು. ಇಲಿಗಳು ತಿನ್ನುವುದು ರಾತ್ರಿ. 2000ದಲ್ಲಿ ಜಿನೀವಾದ ವಿಜ್ಞಾನಿಗಳು ಅವಕ್ಕೆ ಹಗಲಲ್ಲಿ ಮಾತ್ರ ಆಹಾರ ಕೊಟ್ಟು ನೋಡಿದರು. ಲಿವರ್‌ನ ಗಡಿಯಾರ ಪೂರಾ ತಿರುಗಿಹೋಯಿತು, ಮೆದುಳಿನದು ಕದಲಲಿಲ್ಲ. ಹಗಲು ಬೆಳಕು, ನಡುರಾತ್ರಿ ಅನ್ನ ಎಂದರೆ ನಿಮ್ಮೊಳಗೂ ಇದೇ ಜಗ್ಗಾಟ.

ರಾತ್ರಿ ನಿದ್ದೆಯ ಹಾರ್ಮೋನಾದ ಮೆಲಟೋನಿನ್ ಏರಿದಾಗ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಸ್ರವಿಕೆ ತಗ್ಗುತ್ತದೆ. ಅದೇ ಒಂದು ತಟ್ಟೆ ಅನ್ನ ಮಧ್ಯಾಹ್ನಕ್ಕಿಂತ ಹೆಚ್ಚು ಸಕ್ಕರೆ ಏರಿಸುತ್ತದೆ. ಮಿಕ್ಕ ಸಕ್ಕರೆಯನ್ನು ಲಿವರ್ ಕೊಬ್ಬಾಗಿ ಮಾರ್ಪಡಿಸಬಹುದು. 2021ರಲ್ಲಿ ಪ್ರಕಟವಾದ ಬಾಸ್ಟನ್ನಿನ ಪ್ರಯೋಗದಲ್ಲಿ 19 ಆರೋಗ್ಯವಂತರನ್ನು ರಾತ್ರಿಪಾಳಿಯಂತೆ ಎಚ್ಚರವಾಗಿರಿಸಿದ್ದರು. ರಾತ್ರಿಯೂ ಉಂಡವರ ಸಕ್ಕರೆ ಸರಾಸರಿ 6.4% ಏರಿತು, ಹಗಲಲ್ಲಷ್ಟೇ ಉಂಡವರಲ್ಲಿ ಗಮನಾರ್ಹ ಏರಿಕೆ ಕಾಣಲಿಲ್ಲ.

ಹಾಗಾಗಿ ಮುಖ್ಯ ಊಟವನ್ನು ಡ್ಯೂಟಿಗೆ ಮೊದಲೇ, 7.30ರೊಳಗೆ ಮುಗಿಸಿ. ಒಂದೂವರೆಗೆ ಹಸಿವಾದರೆ ಒಂದು ಲೋಟ ಮಜ್ಜಿಗೆ, ಒಂದು ಹಿಡಿ ಹುರಿದ ಕಡಲೆ ಅಥವಾ ಒಂದು ಬೇಯಿಸಿದ ಮೊಟ್ಟೆ ಸಾಕು. ಬಹಳ ಜನ ಎಡವುವುದು ಇಲ್ಲೇ: ಊಟ ಬಿಟ್ಟು ಬಿಸ್ಕತ್ತು, ಸಕ್ಕರೆ ಹಾಕಿದ ಟೀ ಮೂರು ಸಲ! ಸಕ್ಕರೆಯ ಲೆಕ್ಕದಲ್ಲಿ ಅದೂ ಊಟವೇ. ರಾತ್ರಿ ಎರಡರ ನಂತರ ಕಾಫಿ, ಟೀ ಬೇಡ. ಮನೆಗೆ ಬಂದು ಎರಡು ಇಡ್ಲಿ ತಿಂದು ಮಲಗಿ, ಎದ್ದ ಮೇಲೆ ಎರಡೂವರೆ ಸುಮಾರಿಗೆ ಊಟ. ವಾರದ ರಜೆಯಲ್ಲೂ ಈ ಹೊತ್ತುಗಳನ್ನು ಬದಲಿಸಬೇಡಿ.

ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಬರುವುದಾದರೆ ಬಿಸಿಲು ಕಣ್ಣಿಗೆ ಬಿದ್ದು ನಿದ್ದೆ ಕೆಡದಂತೆ ಕಪ್ಪು ಕನ್ನಡಕ ಹಾಕಿಕೊಳ್ಳಿ. ಬೈಕ್ ಓಡಿಸುವಾಗ ಬೇಡ, ತೂಕಡಿಕೆ ಹೆಚ್ಚಬಹುದು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ರಾತ್ರಿಯೂಟ ಬಿಡಬೇಡಿ, ಸಕ್ಕರೆ ಕುಸಿಯಬಹುದು. ಇನ್ನು, ಫ್ಯಾಟಿ ಲಿವರ್‌ಗೆ ಹೊತ್ತು ತಪ್ಪಿದ ಊಟವೊಂದೇ ಕಾರಣವಲ್ಲ. ಸೊಂಟದ ಸುತ್ತಳತೆ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ), ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) ಮೂರನ್ನೂ ನೋಡಿಸಿ. ತೂಕ ಹೆಚ್ಚಿದ್ದರೆ ಅದರಲ್ಲಿ 5% ಇಳಿಸಿದರೂ ಲಿವರ್‌ನ ಕೊಬ್ಬು ಕಡಿಮೆಯಾಗುತ್ತದೆ.