ಹುಣಸೆಹಣ್ಣು ಬೇಡ, ಹುಣಸೆಬೀಜ ಬೇಕು

ಪ್ರಿಯರೇ, ನಮಸ್ಕಾರ.

ಇಂಗ್ಲೆಂಡಿನ ಲಿಂಕನ್‌ಶೈರಿನಿಂದ ನೀವು ಕಳಿಸಿದ ಲೇಖನ ಬಂದು ಮೂರು ವಾರವಾಯಿತು. ಉತ್ತರ ತಡವಾಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಎರಡು ಸಲ ಓದಿದೆ. ಈಗ ಇರುವ ಹಾಗೆ ಅದನ್ನು ಪತ್ರಿಕೆಯಲ್ಲಿ ಹಾಕೋದಕ್ಕೆ ಆಗುವುದಿಲ್ಲ. ಹಾಗಂತ ವಾಪಸ್ ಕಳಿಸುವುದಕ್ಕೂ ಮನಸ್ಸಿಲ್ಲ. ಯಾಕೆ ಅಂತ ಹೇಳುತ್ತೇನೆ. ನಾಣ್ಯದ ಹುಚ್ಚು ನನಗೂ ಸ್ವಲ್ಪ ಇದೆ, ಪತ್ರ ಉದ್ದವಾದರೆ ಅದಕ್ಕೇ.

ನೀವು ಬರೆದಿರುವುದು ಇಷ್ಟು. ಶನಿವಾರ ಬಂತೆಂದರೆ ಪರಿಚಯದ ರೈತರೊಬ್ಬರ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುತ್ತೀರಿ. ಒಂದು ಚಳಿಗಾಲದಲ್ಲಿ ಬೇರೆಬೇರೆ ಕಡೆ ಮೂರು ವಸ್ತು ಸಿಕ್ಕವು. ಎಡ್ವರ್ಡ್ ದೊರೆಯ ಬೆಳ್ಳಿ ಪೆನ್ನಿ, ಒಂದನೇ ಎಲಿಜಬೆತ್ ರಾಣಿಯ ‘ನಾಲ್ಕು ಪೆನ್ನಿ ನಾಣ್ಯ’, ಮತ್ತೆ ಒಂದು ‘ಹಿತ್ತಾಳೆ ಬಿಲ್ಲೆ’. ಹನ್ನೊಂದು ಪುಟದಲ್ಲಿ ಏಳು ಪುಟ ಇಂಗ್ಲೆಂಡಿನ ರಾಜರ ವಂಶಾವಳಿಗೆ ಹೋಗಿದೆ. ಆ ಏಳನ್ನೂ ತೆಗೆದುಬಿಡಿ. ಅದು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ಕೆಸರಲ್ಲಿ ಮಂಡಿಯೂರಿ ಕೂತು ಬೆರಳಲ್ಲಿ ಮಣ್ಣು ಕೆದಕಿದವರು ನೀವು. ಅದು ಪುಸ್ತಕದಲ್ಲಿ ಸಿಗುವುದಿಲ್ಲ.

ಮೊದಲು ಪೆನ್ನಿ. ‘ರಾಜನ ಕಣ್ಣಲ್ಲಿ ದರ್ಪ, ತುಟಿಯಲ್ಲಿ ಕ್ರೌರ್ಯ’ ಎಂದು ಬರೆದಿದ್ದೀರಿ. ಅದು ಯಾರ ಮುಖವೂ ಅಲ್ಲ ಮಾರಾಯ್ರೇ! ಅಚ್ಚು ಮಾಡುವವರು ಕಣ್ಣಿಗೊಂದು, ಕೂದಲಿಗೊಂದು, ಕಿರೀಟಕ್ಕೊಂದು ಅಂತ ಬೇರೆಬೇರೆ ಪಂಚ್, ಅಂದರೆ ಗುರುತು ಒತ್ತುವ ಉಳಿ, ಇಟ್ಟುಕೊಂಡು ಟಪಟಪ ಹೊಡೆಯುತ್ತಿದ್ದರು. ಒಂದನೇ, ಎರಡನೇ, ಮೂರನೇ ಎಡ್ವರ್ಡ್, ಮೂವರಿಗೂ ಹೆಚ್ಚುಕಮ್ಮಿ ಅದೇ ಮುಖ. ಹಾಗಾಗಿ ಮುಖ ನೋಡಿ ದೊರೆ ಯಾರೆಂದು ಹೇಳೋಕಾಗುವುದಿಲ್ಲ, ಸುತ್ತ ಇರುವ ಅಕ್ಷರ ಓದಬೇಕು. ನಿಮ್ಮ ಫೋಟೊದಲ್ಲಿ ‘ಇ ಡಿ ಡಬ್ಲ್ಯು’, ಆಮೇಲೆ ಒಂಟಿ ‘ಆರ್’ ಕಾಣುತ್ತಿದೆ. ‘ಆರ್’ ಅಂದರೆ ರೆಕ್ಸ್, ದೊರೆ. ಹೆಸರನ್ನು ಇಷ್ಟು ಚಿಕ್ಕದಾಗಿ ಹಾಕಿದ್ದರೆ ಸಾಮಾನ್ಯವಾಗಿ ಒಂದನೇ ಎಡ್ವರ್ಡ್, ಅಂದರೆ 1279ರಲ್ಲಿ ಹೊಸ ನಾಣ್ಯ ಹೊಡೆಸಿದ ನಂತರದ್ದು. ‘ಎಡ್ವಾ’, ‘ಎಡ್ವಾರ್’ ಎಂದು ಹೆಸರು ಬೆಳೆದಷ್ಟೂ ಮಗನ ಕಾಲಕ್ಕೆ ಹತ್ತಿರ. ನೀವು ಇದನ್ನೆಲ್ಲ ನೋಡಿಯೇ ಒಂದನೇ ಎಡ್ವರ್ಡ್ ಅಂತ ತೀರ್ಮಾನಿಸಿದ್ದೀರಿ, ಅಲ್ವಾ? ಹಾಗಿದ್ದ ಮೇಲೆ ಹೇಗೆ ತೀರ್ಮಾನಿಸಿದಿರಿ ಎಂಬುದನ್ನೇ ಮುಚ್ಚಿಟ್ಟು ಉತ್ತರ ಮಾತ್ರ ಹೇಳಿದರೆ ಓದುವವರಿಗೆ ಏನು ಸಿಗುತ್ತದೆ?

ಹೆಸರನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ ಅನ್ನುವುದು ಇನ್ನೂ ಮಜಾ. 1180ರಿಂದ 1247ರವರೆಗಿನ ಪೆನ್ನಿಗಳ ಮೇಲೆ ‘ಹೆನ್ರಿಕಸ್’ ಅಂತಲೇ ಇರುತ್ತದೆ. ನಡುವೆ ರಿಚರ್ಡ್ ಬಂದು ಹೋದ, ಜಾನ್ ಬಂದು ಹೋದ. ಇಂಗ್ಲೆಂಡಿನ ಪೆನ್ನಿ ಮೇಲೆ ಮಾತ್ರ ಹೆನ್ರಿಯೇ ಕೂತಿದ್ದ.

ಪೆನ್ನಿಯ ಹಿಂಬದಿಯನ್ನು ಒಂದೇ ಸಾಲಲ್ಲಿ ಮುಗಿಸಿದ್ದೀರಿ, ‘ಶಿಲುಬೆ ಇದೆ’ ಅಂತ. ಆ ಶಿಲುಬೆಯ ತೋಳು ಅಂಚಿನವರೆಗೂ ಹೋಗಿದೆ ನೋಡಿ. ಮೊದಲು ಗಿಡ್ಡ ಶಿಲುಬೆ ಇತ್ತು. ಜನ ಅಂಚಿನ ಬೆಳ್ಳಿ ಕತ್ತರಿಸಿಕೊಂಡು ಉಳಿದದ್ದನ್ನು ಅಂಗಡಿಗೆ ಕೊಡುತ್ತಿದ್ದರು. ಎಲ್ಲಿಯವರೆಗೆ ನಾಣ್ಯ ಇರಬೇಕು ಅಂತ ಕಣ್ಣಿಗೆ ಕಾಣಲಿ ಎಂದು 1247ರಲ್ಲಿ ತೋಳು ಉದ್ದ ಮಾಡಿದರು. ಚಿಲ್ಲರೆ ಬೇಕಾದವರು ಅದೇ ಗೆರೆ ಹಿಡಿದು ನಾಣ್ಯವನ್ನೇ ಅರ್ಧಕ್ಕೆ, ಕಾಲಿಗೆ ಕತ್ತರಿಸುವುದೂ ನಡೆದಿತ್ತು. ಆಮೇಲೆ ಒಂದನೇ ಎಡ್ವರ್ಡ್ ದುಂಡನೆಯ ಕಾಲು ಪೆನ್ನಿಯನ್ನೇ ಹೊಡೆಸಿದ. ತೋಳುಗಳ ನಡುವೆ ಮೂರು ಮೂರು ಚುಕ್ಕೆ, ಸುತ್ತ ಟಂಕಸಾಲೆಯ ಊರು. ನಿಮ್ಮದು ಯಾವ ಊರಿನದು? ಫೋಟೊ ಅಲ್ಲಾಡಿದೆ. ಲಂಡನ್ನೋ, ಕ್ಯಾಂಟರ್ಬರಿಯೋ, ಡರಮ್ಮೋ ತಿಳಿಯಲಿಲ್ಲ.

ಎರಡನೆಯದರಲ್ಲಿ ತಪ್ಪಾಗಿದೆ. ಅದು ನಾಲ್ಕು ಪೆನ್ನಿಯದಲ್ಲ. ರಾಣಿಯ ತಲೆ ಹಿಂದೆ ಒಂದು ಸಣ್ಣ ಗುಲಾಬಿ ಇದೆ, ಹಿಂಬದಿಯ ಗುರಾಣಿ ಮೇಲೆ ಇಸವಿ ಇದೆ. ಕೊನೆಯ ಎರಡು ಅಂಕಿ ಸವೆದಿವೆ, ‘15’ ಉಳಿದಿದೆ. ನಮ್ಮ ಬಸ್ ಕಂಡಕ್ಟರ್ ಒಂದು ರೂಪಾಯಿಯೋ ಎರಡು ರೂಪಾಯಿಯೋ ಅಂತ ನಾಣ್ಯ ತಿರುಗಿಸಿ ತಿರುಗಿಸಿ ನೋಡುತ್ತಾರಲ್ಲ, ಆ ತಾಪತ್ರಯ ಅಲ್ಲೂ ಇತ್ತು. 1561ರಲ್ಲಿ ಆರು ಪೆನ್ನಿ, ಮೂರು ಪೆನ್ನಿ, ಒಂದೂವರೆ, ಮುಕ್ಕಾಲು ಅಂತ ಹೊಸ ನಾಣ್ಯಗಳು ಬಂದವು. ಹಳೆಯ ನಾಲ್ಕು, ಎರಡು, ಒಂದು ಪೆನ್ನಿಗಳ ಜೊತೆ ಕಲಸಿಹೋಗಬಾರದು ಅಂತ ಹೊಸವಕ್ಕೆ ಗುಲಾಬಿಯನ್ನೂ ಇಸವಿಯನ್ನೂ ಹಾಕಿದರು. ಗುಲಾಬಿ ಇದೆ ಅಂದ ಮೇಲೆ ನಾಲ್ಕು ಪೆನ್ನಿ ಅಲ್ಲವೇ ಅಲ್ಲ. ಆರೋ ಮೂರೋ ಅನ್ನುವುದಕ್ಕೆ ತಕ್ಕಡಿ ಸಾಕು. ಸುಮಾರು 3 ಗ್ರಾಂ ತೂಗಿದರೆ ಆರು, ಒಂದೂವರೆ ಗ್ರಾಂ ಆದರೆ ಮೂರು. ಸವೆದಿದ್ದರೆ ಸ್ವಲ್ಪ ಕಮ್ಮಿ. ‘ರಾಣಿಯ ಮೊಗದ ಕಾಂತಿ ಐದು ಶತಮಾನಗಳಾಚೆಯಿಂದ ಬೆಳಗಿತು’ ಎಂದು ಬರೆದ ನೀವು ತೂಕವನ್ನೂ ಬರೆದಿಲ್ಲ, ಅಗಲವನ್ನೂ ಬರೆದಿಲ್ಲ.

ಈಗ ಆ ಬಿಲ್ಲೆಗೆ ಬರುತ್ತೇನೆ. ಈ ಪತ್ರ ಬರೆಯುತ್ತಿರುವುದೇ ಅದಕ್ಕಾಗಿ.

ನಿಮ್ಮ ಮಾತು ಹೀಗಿದೆ: ‘ಮೊದಲು ಚಿನ್ನ ಅಂದುಕೊಂಡೆ. ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಬರೀ ಹಿತ್ತಾಳೆ ಎಂದು ತಿಳಿದು ನಿರಾಸೆಯಾಯಿತು. ಹಾನ್ಸ್ ಎಂಬ ಯಾವನೋ ಜರ್ಮನ್ ದೊರೆಯದಿರಬೇಕು.’ ಇಷ್ಟೇ. ಮುಂದಿನ ಪ್ಯಾರಾದಲ್ಲಿ ಮತ್ತೆ ರಾಜವಂಶ.

ಹುಣಸೆಹಣ್ಣು ಎಂದು ಓದಿದಾಗ ‘ಅಯ್ಯೋ’ ಅಂದುಬಿಟ್ಟೆ. ಅದು ದೇವರ ಮನೆಯ ದೀಪದ ಕಂಬ ಅಲ್ಲ. ನೂರಾರು ವರ್ಷ ಮಣ್ಣಲ್ಲಿದ್ದ ತಾಮ್ರ, ಹಿತ್ತಾಳೆಗಳ ಮೇಲೆ ಕಟ್ಟುವ ಹಸಿರು ಪೊರೆಯಲ್ಲೇ ಅಕ್ಷರದ ಅಂಚು ಉಳಿದಿರುತ್ತದೆ. ಹುಳಿ ಅದನ್ನು ತಿಂದುಹಾಕುತ್ತದೆ, ತಿಕ್ಕಿದರೆ ಮಣ್ಣಿನ ಹರಳು ಗೀರುತ್ತದೆ. ನಿಮ್ಮ ಫೋಟೊದಲ್ಲಿ ಒಂದು ಬದಿ ಥಳಥಳ ಅನ್ನುತ್ತಿದೆ, ಅಲ್ಲಿ ಅಕ್ಷರವೇ ಇಲ್ಲ. ತಿಕ್ಕದೆ ಬಿಟ್ಟ ಇನ್ನೊಂದು ಬದಿಯಲ್ಲಿ ಹೆಸರು ಓದಬಹುದು.

ಆ ಹೆಸರು ಹಾನ್ಸ್ ಕ್ರಾವ್‌ವಿಂಕೆಲ್. ಅವನು ದೊರೆಯಲ್ಲ, ಜರ್ಮನಿಯ ನ್ಯೂರೆಂಬರ್ಗ್ ಪೇಟೆಯಲ್ಲಿ ಬಿಲ್ಲೆ ತಯಾರಿಸುತ್ತಿದ್ದ ಕಸುಬುದಾರ. ಅದೇ ಹೆಸರಿನ ಇಬ್ಬರಲ್ಲಿ ಎರಡನೆಯವನು 1586ರಿಂದ 1635ರವರೆಗೆ ಕೆಲಸ ಮಾಡಿದ, ಅವನ ಬಿಲ್ಲೆಗಳು ಇಂಗ್ಲೆಂಡಿನ ಹೊಲಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಪಾತ್ರೆ ಮೇಲೆ ಅಂಗಡಿ ಹೆಸರು ಹೊಡೆದ ಹಾಗೆ ಬಿಲ್ಲೆ ಮೇಲೆ ತನ್ನ ಹೆಸರು ಹೊಡೆದ, ಅಷ್ಟೇ. ನಡುವೆ ಗುಲಾಬಿ, ಸುತ್ತ ಮೂರು ಕಿರೀಟ, ಅವುಗಳ ಮಧ್ಯೆ ಮೂರು ಲಿಲ್ಲಿ ಹೂ ಇವೆ, ಎಣಿಸಿ ನೋಡಿ. ಥಳಥಳ ಬದಿಯಲ್ಲಿ ಮಸುಕಾಗಿ ಕಾಣುವ ಉಂಡೆ, ಮೇಲೊಂದು ಶಿಲುಬೆ, ಅದು ಚಕ್ರವರ್ತಿ ಕೈಯಲ್ಲಿ ಹಿಡಿಯುವ ಗೋಳ. ಇಂಥವುಗಳ ಸುತ್ತ ಜರ್ಮನ್ ಗಾದೆ ಬರೆಯುವುದು ರೂಢಿ. ‘ಗೋಟೆಸ್ ಸೇಗನ್ ಮಾಖ್ಟ್ ರೈಖ್’, ದೇವರ ಕೃಪೆಯೇ ಸಿರಿತನ ಅಂತ ಒಂದು. ‘ಇವತ್ತು ಕೆಂಪು, ನಾಳೆ ಸಾವು’ ಅಂತ ಇನ್ನೊಂದು. ನಿಮ್ಮದರ ಮೇಲೆ ಯಾವುದಿತ್ತೋ, ಹುಣಸೆಹಣ್ಣಿಗೇ ಗೊತ್ತು.

ಇದಕ್ಕೆ ಜೆಟಾನ್ ಅನ್ನುತ್ತಾರೆ. ದುಡ್ಡಲ್ಲ, ಲೆಕ್ಕದ ಬಿಲ್ಲೆ. ಮೇಜಿನ ಮೇಲೆ ಅಡ್ಡಗೆರೆ ಎಳೆದು ಬಿಲ್ಲೆ ಜೋಡಿಸಿ ಲೆಕ್ಕ ಮಾಡುತ್ತಿದ್ದರು. ಕೆಳಗಿನ ಗೆರೆ ಬಿಡಿ, ಅದರ ಮೇಲಿನದು ಹತ್ತು, ಅದರ ಮೇಲಿನದು ನೂರು. ಗೆರೆಗಳ ನಡುವಿನ ಜಾಗ ಐದು ಮತ್ತು ಐವತ್ತು. 367 ಇಡಬೇಕೇ? ನೂರರ ಗೆರೆಗೆ ಮೂರು, ಅದರ ಕೆಳಗಿನ ಸಂದಿಗೆ ಒಂದು, ಹತ್ತರ ಗೆರೆಗೆ ಒಂದು, ಅದರ ಕೆಳಗಿನ ಸಂದಿಗೆ ಒಂದು, ಬಿಡಿಗೆ ಎರಡು. ಎಂಟೇ ಬಿಲ್ಲೆ. ಬಿಲ್ಲೆಗೆ ಸ್ವಂತ ಬೆಲೆ ಇಲ್ಲ, ಕೂತ ಜಾಗದ್ದೇ ಬೆಲೆ. ಇಂಗ್ಲೆಂಡಿನ ಖಜಾನೆಯವರು ಚೌಕಳಿ ಬಟ್ಟೆ ಹಾಸಿ ಲೆಕ್ಕ ನೋಡುತ್ತಿದ್ದರು. ಅದರಿಂದಲೇ ‘ಎಕ್ಸ್‌ಚೆಕರ್’ ಎಂಬ ಹೆಸರು ಬಂತು. ಇವತ್ತಿಗೂ ಅಲ್ಲಿನ ಹಣಕಾಸು ಮಂತ್ರಿಯ ಹುದ್ದೆಯ ಹೆಸರಲ್ಲಿ ಆ ಬಟ್ಟೆ ಇದೆ.

ನಮ್ಮಜ್ಜಿ ಹಾಲಿನ ಲೆಕ್ಕಕ್ಕೆ ಡಬ್ಬಿಯಲ್ಲಿ ಹುಣಸೆಬೀಜ ಹಾಕಿಡುತ್ತಿದ್ದರು. ಸೇರಿಗೊಂದು ಬೀಜ. ತಿಂಗಳ ಕೊನೆಗೆ ಸುರಿದು ಎಣಿಸುವುದು. ಒಂದು ಬೀಜ ಉರುಳಿಹೋದರೆ ಹಾಲಿನವನ ಜೊತೆ ಜಗಳ. ನಿಮ್ಮ ಹಾನ್ಸ್ ಮಾಡಿ ಮಾರಿದ್ದು ಹಿತ್ತಾಳೆಯ ಹುಣಸೆಬೀಜ. ಯಾವುದೋ ವರ್ತಕನ ಮೇಜಿನಿಂದ ಉರುಳಿ, ಗುಡಿಸಿದ ಕಸದ ಜೊತೆ ತಿಪ್ಪೆ ಸೇರಿ, ಗೊಬ್ಬರದ ಗಾಡಿಯಲ್ಲಿ ಹೊಲಕ್ಕೆ ಬಂದಿರಬಹುದು. ಕೊನೆಗೆ ಈ ಬಿಲ್ಲೆಗಳ ಕೆಲಸ ಕಸಿದದ್ದು ಯಾವುದು ಹೇಳಿ? ಸೊನ್ನೆ ಸಮೇತ ಇಲ್ಲಿಂದ ಅರಬರ ಕೈದಾಟಿ ಯುರೋಪಿಗೆ ಹೋದ ಅಂಕಿಗಳು. ಕಾಗದದ ಮೇಲೆ ಲೆಕ್ಕ ಮಾಡುವುದು ಬಂದ ಮೇಲೆ ಮೇಜು ಖಾಲಿಯಾಯಿತು. ಕನ್ನಡ ಓದುಗರಿಗೆ ಇದನ್ನು ಹೇಳದೆ ಟ್ಯೂಡರ್ ವಂಶದ ಮದುವೆಗಳನ್ನು ಹೇಳುತ್ತಾ ಕೂತಿದ್ದೀರಲ್ಲ!

ಮ್ಯೂಸಿಯಮ್ಮಿನ ಅಧಿಕಾರಿಗೆ ತೋರಿಸಿದಾಗ ‘ಆಕೆ ಎರಡೇ ನಿಮಿಷದಲ್ಲಿ ಗುರುತಿಸಿದರು, ನನಗೆ ಸ್ವಲ್ಪ ಅವಮಾನವಾಯಿತು’ ಎಂದು ಪೆನ್ನಿಯ ಬಗ್ಗೆ ಬರೆದಿದ್ದೀರಿ. ಇಡೀ ಲೇಖನದಲ್ಲಿ ನನಗೆ ಜಾಸ್ತಿ ಹಿಡಿಸಿದ ಸಾಲು ಅದು. ಆ ಎರಡು ನಿಮಿಷ ಬೇಕು. ಆಕೆ ಮೊದಲು ಯಾವ ಬದಿ ನೋಡಿದರು? ಬೆಳಕಿಗೆ ಓರೆಯಾಗಿ ಹಿಡಿದರೇ? ಏನಂದರು? ಬಿಲ್ಲೆಯನ್ನು ಆಕೆಗೆ ತೋರಿಸಲೇ ಇಲ್ಲ ಅಂತ ಕಾಣುತ್ತದೆ. ತೋರಿಸಿ. 1997ರಿಂದ ನಡೆಯುತ್ತಿರುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮಿನವರು, ಅಂದರೆ ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ಬರೆದಿಡುವವರು, ಇಂಥ ಬಿಲ್ಲೆಗಳನ್ನೂ ದಾಖಲಿಸಿಕೊಳ್ಳುತ್ತಾರೆ.

ಕಾನೂನಿನ ಸಾಲು ಸರಿಮಾಡಿ. ‘ಸಿಕ್ಕಿದ್ದನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಬೇಕು’ ಅಂತಿಲ್ಲ. ಅಲ್ಲಿನ 1996ರ ನಿಧಿ ಕಾಯ್ದೆ ಪ್ರಕಾರ, 300 ವರ್ಷಕ್ಕಿಂತ ಹಳೆಯ, ಕನಿಷ್ಠ ನೂರಕ್ಕೆ ಹತ್ತು ಪಾಲು ಬೆಳ್ಳಿಯೋ ಚಿನ್ನವೋ ಇರುವ ಎರಡು ಅಥವಾ ಜಾಸ್ತಿ ನಾಣ್ಯ ಒಟ್ಟಿಗೆ ಸಿಕ್ಕರೆ ಅದು ನಿಧಿ, 14 ದಿನದೊಳಗೆ ತಿಳಿಸಬೇಕು. ಬೇರೆಬೇರೆ ಕಡೆ ಬಿದ್ದ ಒಂಟಿ ನಾಣ್ಯ ಸಾಮಾನ್ಯವಾಗಿ ಇದರಲ್ಲಿ ಬರುವುದಿಲ್ಲ. ಜೊತೆಗೆ, ಇಲ್ಲಿನ ಕಥೆ ಬೇರೆ ಎಂದು ಎರಡು ಸಾಲು ಸೇರಿಸಲೇಬೇಕು. ಭಾರತದಲ್ಲಿ 1878ರ ನಿಧಿ ಕಾಯ್ದೆ ಇನ್ನೂ ಇದೆ, ನೆಲದಲ್ಲಿ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನಿಧಿ ಆಸೆಗೆ ಹಳೇ ಗುಡಿಗಳ ಬುಡ ಅಗೆಯುವವರು ನಮ್ಮಲ್ಲಿ ಕಮ್ಮಿಯಿಲ್ಲ. ನಿಮ್ಮ ಲೇಖನ ಓದಿ ಯಾರೋ ಡಿಟೆಕ್ಟರ್ ಕೊಂಡು ಹಂಪಿ ಬಸ್ ಹತ್ತುವುದು ನನಗೆ ಬೇಡ. ಹೊಲದ ಹೆಸರು, ದಾರಿಯ ಗುರುತು ಎರಡನ್ನೂ ತೆಗೆಯಿರಿ. ರಾತ್ರಿ ಕದ್ದು ಅಗೆಯುವವರು ಆ ದೇಶದಲ್ಲೂ ಇದ್ದಾರೆ.

ಬರವಣಿಗೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ಇತಿಹಾಸದ ಗರ್ಭ’ ನಾಲ್ಕು ಸಲ ಬಂದಿದೆ, ನಾಲ್ಕನ್ನೂ ಹೊಡೆದುಹಾಕಿ. ರೈತರು ಗೇಟಿನ ಹತ್ತಿರ ನಿಂತು ‘ಇವತ್ತೂ ನನ್ನ ನೇಗಿಲಿನ ಬೋಲ್ಟೇ ಸಿಕ್ಕಿತಾ?’ ಎಂದು ಕೇಳುವುದನ್ನು ಮಾತ್ರ ಮುಟ್ಟಬೇಡಿ.

ಸಾವಿರದೈನೂರು ಪದ ಸಾಕು. ಬಿಲ್ಲೆಯಿಂದ ಶುರುಮಾಡಿ, ಪೆನ್ನಿ, ಗುಲಾಬಿ ನಾಣ್ಯ ಆಮೇಲೆ ಬರಲಿ. ಮೂರರದ್ದೂ ತೂಕ, ಅಗಲ ಬರೆಯಿರಿ. ಫೋಟೊ ಎರಡೂ ಬದಿಯದು ಬೇಕು, ಪಕ್ಕದಲ್ಲಿ ಸ್ಕೇಲ್ ಇಟ್ಟು, ಒಂದೇ ಕಡೆಯಿಂದ ಬೆಳಕು ಬೀಳುವ ಹಾಗೆ ತೆಗೆಯಿರಿ. ತಿಕ್ಕಿ ಹಾಳುಮಾಡಿದ ಬದಿಯದ್ದೂ ಕಳಿಸಿ, ಅದನ್ನೇ ದೊಡ್ಡದಾಗಿ ಹಾಕೋಣ.

ನಿಮ್ಮ,
ಸಂಪಾದಕ